ಹರ್ಷದಾಳ ಹೆಸರಿನಲ್ಲಿ

ಸೋಮವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಅಭಯಕುಮಾರ ಉಪಾಧ್ಯೆ ಕೊಲ್ಹಾಪುರದ ಸೈಬರ್ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಅಂಗಿ ಬೆವರಿಗೆ ಮೈಗಂಟಿತ್ತು. ಅವರು ಒಂದು ಧರ್ಮಾರ್ಥ ಟ್ರಸ್ಟಿನ ಕಾರ್ಯದರ್ಶಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಕಡೆ ಆ ಟ್ರಸ್ಟಿನ ಡಯಾಲಿಸಿಸ್ ಕೇಂದ್ರಗಳಿದ್ದವು.

ಇನ್‌ಸ್ಪೆಕ್ಟರ್ ಜಿನಪಾಲ ಚೌಗುಲೆ ಕುರ್ಚಿ ತೋರಿಸಿದರು. ಇಬ್ಬರೂ ಮನೆಯಲ್ಲಿ ಕನ್ನಡ ಆಡುವವರು. ಮಾತು ತಾನಾಗಿಯೇ ಅದಕ್ಕೆ ಹೊರಳಿತು.

"ಏನಾತ್ರಿ?"

"ಪೇಶಂಟ್‌ಗಳ ದಾಖಲೆ ಎಲ್ಲಾ ಹೋಗ್ಯಾವ್ರಿ ಸಾಹೇಬ್ರ. ಯಾರಿಗೆ ಯಾವ ಔಷಧ, ಎಷ್ಟು ಡೋಸು, ಯಾವ ಮಷೀನು, ಒಂದೂ ಇಲ್ಲ. ಮೂರೂ ಕಡೆ ಖಾಲಿ."

"ತಾನ ಹೋದ್ವೋ, ಯಾರರ ಅಳಿಸಿದ್ರೋ?"

ಉಪಾಧ್ಯೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅಳಿಸ್ಯಾರ್ರಿ. ನಮ್ಮ ಡೇಟಾಬೇಸ್ ನೋಡ್ಕೊಳ್ಳಾಕಿ ಹರ್ಷದಾ ಮಗದೂಮ್ ಅಂತ. ಅಕಿ ಹೆಸರಿನ ಮ್ಯಾಲೇ ಆಗೇತಿ. ನನಗಂತೂ ನಂಬಾಕ ಆಗವಲ್ದು."

ಗಡಹಿಂಗ್ಲಜ ಕೇಂದ್ರದಲ್ಲಿ ರಾಯವ್ವ ಎಂಬ ಮುದುಕಿಗೆ ರಕ್ತ ತೆಳುಮಾಡುವ ಇಂಜೆಕ್ಷನ್ ಕೊಡಬಾರದಿತ್ತು. ಹಿಂದಿನ ವಾರವಷ್ಟೇ ಹೊಟ್ಟೆಯಲ್ಲಿ ರಕ್ತ ಒಸರಿತ್ತು. ಕೊಡಬಾರದು ಎಂದು ಹೇಳುವ ಪರದೆ ಬೋಳಾದಾಗ ನರ್ಸ್ ಹೆದರಿ ಎಲ್ಲರ ಡಯಾಲಿಸಿಸ್ ನಿಲ್ಲಿಸಿದ್ದಳು. ಕಾಯುತ್ತ ಕೂತ ರಾಯವ್ವನಿಗೆ ಉಸಿರು ಸಿಕ್ಕಿಕೊಂಡು, ಆಂಬುಲೆನ್ಸಿನಲ್ಲಿ ಕೊಲ್ಹಾಪುರಕ್ಕೆ ತರಬೇಕಾಗಿತ್ತು. ಬದುಕುವಳೋ ಇಲ್ಲವೋ ಡಾಕ್ಟರು ಹೇಳುತ್ತಿರಲಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. ಚೌಗುಲೆ ಕಾನ್‌ಸ್ಟೇಬಲ್ ಸಾರಿಕಾ ಕಾಂಬಳೆಯನ್ನು ಕರೆದುಕೊಂಡು ಹೊರಟರು. ಬಿ.ಎಸ್ಸಿಯಲ್ಲಿ ಕಂಪ್ಯೂಟರ್ ಓದಿದ ಹುಡುಗಿ; ಇಂಥ ಪ್ರಕರಣಗಳಲ್ಲಿ ಮೇಲಿನ ಸಾಹೇಬರು ಮೊದಲು ಕೇಳುತ್ತಿದ್ದುದು ಅವಳ ಹೆಸರನ್ನೇ. ಚೌಗುಲೆಗೆ ಅದು ಗೊತ್ತಿತ್ತು. ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಟ್ರಸ್ಟಿನ ಕಚೇರಿಯ ಸರ್ವರ್ ಕೋಣೆಯ ಬಾಗಿಲಲ್ಲಿ ಕೇತನ ನಿಂತಿದ್ದ. ನೆಟ್‌ವರ್ಕ್ ಅವನ ಕೆಲಸ. ಕೇಳುವ ಮೊದಲೇ ಹೇಳಲು ಶುರುಮಾಡಿದ.

"ನಾ ಮೊದಲಿಂದನೂ ಹೇಳಾಕತ್ತಿದ್ದೆ ಸಾಹೇಬ್ರ. ಎಲ್ಲಾ ಕೀಲಿ ಒಬ್ಬಾಕಿ ಕೈಯಾಗ ಕೊಡಬ್ಯಾಡ್ರಿ ಅಂತ. ಯಾರು ಕೇಳ್ತಾರ? ಮೇಡಂಗೆ ಪುಣೆದಾಗ ಭಾಷಣ, ಮೇಡಂದು ಪೇಪರಿನ್ಯಾಗ ಫೋಟೋ."

"ಯಾವ ಭಾಷಣ?"

"ಪೋಸ್ಟ್‌ಗ್ರೆಸ್ ಡೇಟಾಬೇಸಿನವರ ಸಮ್ಮೇಳನ್ರಿ. ಬ್ಯಾಕಪ್ ಸರಿ ಐತೋ ಇಲ್ಲೋ ಅಂತ ತಪಾಸ ಮಾಡೋ ಪ್ರೋಗ್ರಾಂ ಒಂದು ಬರೆದು, ಯಾರು ಬೇಕಾದ್ರೂ ಬಳಸ್ರಿ ಅಂತ ಬಿಟ್ಟಾಳ. ಊರೂರಿನ ಮಂದಿ ಬಳಸಾಕತ್ತಾರ." ಅವನ ತುಟಿಯ ಕೊನೆ ಸೊಟ್ಟಗಾಯಿತು. "ಈಗ ನೋಡ್ರಿ."

ಇವನಿಗೆ ಹೊಟ್ಟೆಕಿಚ್ಚು ಎಂದು ಚೌಗುಲೆ ಮನಸ್ಸಿನಲ್ಲೇ ಬರೆದುಕೊಂಡರು. "ಬೆಳಿಗ್ಗೆ ಒಂಬತ್ತರ ಸುಮಾರು ನೀ ಎಲ್ಲಿದ್ದಿ?"

"ಇಲ್ಲೇರಿ. ಕ್ಯಾಮೆರಾ ಐತಿ, ನೋಡ್ರಿ."

ಹರ್ಷದಾ ಅಷ್ಟರಲ್ಲಿ ಗಡಹಿಂಗ್ಲಜದಿಂದ ಬಂದು ತಲುಪಿದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಅಲ್ಲಿನ ಕಂಪ್ಯೂಟರು ನಿಧಾನವಾಗಿದೆ ಎಂದು ಬೆಳಿಗ್ಗೆಯೇ ಹೋಗಿದ್ದಳಂತೆ. ತನ್ನ ಮೇಲೆ ದೂರು ಬಂದಿದೆ ಎಂದು ತಿಳಿದ ಮೇಲೂ ಅವಳು ಕೇಳಿದ್ದು ಒಂದೇ: "ಸಾಹೇಬ್ರ, ಕೆಲಸ ಶುರು ಮಾಡ್ಲಿರಿ? ಮಧ್ಯಾಹ್ನದ ಪಾಳಿಯ ಪೇಶಂಟ್‌ಗಳು ಬಂದು ಕುಂತಾರ."

"ಉಳಿದೆರಡು ಊರಾಗ ನಕಲು ಇರ್ತಾವಂತಲ್ಲ? ಅದರಿಂದ ತಗೋಬಾರದೇನು?"

"ಅವು ಕನ್ನಡಿ ಇದ್ದಂಗ್ರಿ. ಮುಖಕ್ಕ ಮಸಿ ಹತ್ತಿದ ಕೂಡ್ಲೇ ಕನ್ನಡಿಯಾಗೂ ಹತ್ತೇತಿ. ಶನಿವಾರದ ಬ್ಯಾಕಪ್ ಐತಿ. ಆಮ್ಯಾಲಿಂದು ಒಂದೊಂದು ಬದಲಾವಣೆನೂ ಬ್ಯಾರೆ ಕಡೆ ಜಮಾ ಆಗೇತಿ. ಅಳಿಸಿದ ಗಳಿಗೆ ಹಿಂದಿನ ತನಕ ಅವನ್ನ ಮತ್ತ ಒಂದೊಂದಾಗಿ ನಡಸ್ಕೊಂಡು ಬರಬೇಕು."

"ಆರೋಪಿ ಕೈಗೇ ಮತ್ತ ಕೀಲಿ ಕೊಡ್ತೀರೇನು?" ಕೇತನ ದನಿ ಏರಿಸಿದ.

ಚೌಗುಲೆ ಇಕ್ಕಟ್ಟಿಗೆ ಬಿದ್ದರು. ಸರ್ವರ್ ಈಗ ಪುರಾವೆ. ಮುಟ್ಟಿದರೆ ನ್ಯಾಯಾಲಯದಲ್ಲಿ ವಕೀಲರು ಹರಿದು ಹಾಕುತ್ತಾರೆ. ಮುಟ್ಟದಿದ್ದರೆ ರಾಯವ್ವನಂಥವರು ಇನ್ನೆಷ್ಟು ಮಂದಿಯೋ. ಸಾರಿಕಾ ಮೆಲ್ಲಗೆ ಹೇಳಿದಳು: "ಸರ್, ಡಿಸ್ಕ್‌ನ ಪೂರ್ತಿ ನಕಲು ತಗೊಂಡು ಮುದ್ರಿ ಹಾಕೂಣು. ಅವರು ಬ್ಯಾರೆ ಮಷೀನಿನ ಮ್ಯಾಲೆ ಕೆಲಸ ಮಾಡ್ಲಿ. ನಾ ಬಾಜೂಕ ಕುಂಡ್ರತೇನಿ."

"ಶಾಣ್ಯಾ ಹುಡುಗಿ ಕೊಟ್ಟಾರ್ರಿ ನಿಮಗ," ಉಪಾಧ್ಯೆ ಎಂದರು. ಚೌಗುಲೆಯ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡಿತು. ಮೀಸೆ ತೀಡಿಕೊಂಡು ಅದನ್ನು ನುಂಗಿ, ಇಬ್ಬರು ಪಂಚರನ್ನು ಕರೆಸಿದರು.

ಪಂಚನಾಮೆ ಮುಗಿದು, ಮೂಲ ಡಿಸ್ಕಿಗೆ ಮುದ್ರೆ ಬಿದ್ದ ಮೇಲೆ ಹರ್ಷದಾ ಕೆಲಸಕ್ಕೆ ಕೂತಳು. ಅಳಿಸಿದ ಗಳಿಗೆ ಯಾವುದು ಎಂದು ಹುಡುಕಲು ಸರ್ವರ್ ದಾಖಲೆಯ ನಕಲನ್ನು ತೆರೆದಳು. ಬೆರಳು ಕೀಲಿಮಣೆಯ ಮೇಲೆ ಓಡುತ್ತಿದ್ದುದು ಒಮ್ಮೆಲೇ ನಿಂತಿತು.

ಮುಖದ ರಕ್ತ ಇಳಿದದ್ದು ಚೌಗುಲೆಗೆ ಕಂಡಿತು. "ಏನದು?"

"ಏನಿಲ್ರಿ. ಒಂಬತ್ತು ಹದಿನಾಲ್ಕಕ್ಕ ಅಳಿಸ್ಯಾರ. ಅದರ ಹಿಂದಿನ ಗಳಿಗಿಗೆ ನಿಲ್ಲಿಸ್ತೇನಿ." ಅವಳು ನೀರು ಕೇಳಿ ಕುಡಿದಳು.

ಸಾರಿಕಾ ಚೌಗುಲೆಯನ್ನು ಹೊರಗೆ ಕರೆದಳು. "ಸರ್, ಅಳಿಸೂದಕ್ಕಿಂತ ಮೊದಲ ಒಂದು ತಪ್ಪು ಆಗೇತಿ. 'ಶೋ ಟೇಬಲ್ಸ್' ಅಂತ ಹೊಡದಾರ. ಯಾವ ಯಾವ ಕೋಷ್ಟಕ ಅದಾವ ತೋರ್ಸು ಅಂತ. ಇಲ್ಲಿರೋ ಪೋಸ್ಟ್‌ಗ್ರೆಸ್‌ಗೆ ಆ ಮಾತು ತಿಳಿಯೂದಿಲ್ಲ. ಅದು ಮಾರಿಯಾಡಿಬಿ ಅನ್ನೋ ಬ್ಯಾರೆ ಡೇಟಾಬೇಸಿನ ಮಾತು."

"ಅಂದ್ರ?"

"ವರ್ಷಗಟ್ಲೆ ಅದರಾಗ ಕೆಲಸ ಮಾಡಿದವರ ಬೆರಳು, ಸರ್. ಇವರದಲ್ಲ. ಬಂದ ದಾರಿನೂ ಈ ಕಚೇರಿದಲ್ಲ. ಹೊರಗಿನ ಬ್ರಾಡ್‌ಬ್ಯಾಂಡ್, ಹರ್ಷದಾ ಅವರ ಕೀಲಿ, ಪಾಸ್‌ವರ್ಡ್‌ನಂಥ ಗುಪ್ತ ಫೈಲು."

ಕೇತನ ಹೇಳಿದಂತೆ ಅವನು ಕಚೇರಿಯಲ್ಲೇ ಇದ್ದುದು ಕ್ಯಾಮೆರಾ ಚಿತ್ರದಲ್ಲಿ ಕಂಡಿತು. ಚೌಗುಲೆ ಬ್ರಾಡ್‌ಬ್ಯಾಂಡ್ ಕಂಪನಿಗೆ ಪತ್ರ ಬರೆಸಿದರು. ಮೂರು ತಾಸಿನ ಮೇಲೆ ಮೂರೂ ಕೇಂದ್ರಗಳ ಪರದೆಗಳಲ್ಲಿ ಹೆಸರುಗಳು ಮರಳಿ ಮೂಡಿದಾಗ ಉಪಾಧ್ಯೆ ಮಗುವಿನಂತೆ ಚಪ್ಪಾಳೆ ತಟ್ಟಿದರು. ಹರ್ಷದಾ ನಗಲಿಲ್ಲ.

"ಮಾರಿಯಾಡಿಬಿ ಬಲ್ಲವರು ಯಾರವಾ, ನಿನಗ ಗೊತ್ತಿದ್ದವ್ರು?" ಚೌಗುಲೆ ಮಗಳನ್ನು ಕೇಳುವಂತೆ ಕೇಳಿದರು.

ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. "ನೀವ ಹುಡುಕ್ರಿ ಸಾಹೇಬ್ರ. ನನ್ನ ಬಾಯಿಲೆ ಹೇಳಸಬ್ಯಾಡ್ರಿ."

ಮರುದಿನ ಬೆಳಿಗ್ಗೆ ಗಡಹಿಂಗ್ಲಜ ಕೇಂದ್ರದಲ್ಲಿ ಡಯಾಲಿಸಿಸ್ ನಿಲ್ಲಿಸಿದ್ದ ನರ್ಸ್ ಶುಭಾಂಗಿಯ ಹೇಳಿಕೆ ತೆಗೆದುಕೊಂಡರು.

"ಪರದೆ ಖಾಲಿ ಆದಾಗ ಹರ್ಷದಾ ಎಲ್ಲಿದ್ಲು?"

"ನನ್ನ ಬಾಜೂಕ್ರಿ. ಕೈಯಾಗ ಚಾ ಕಪ್ ಇತ್ತು. ನನಗಿಂತ ಜಾಸ್ತಿ ಗಾಬರಿ ಆದ್ರು."

"ಅದಕ್ಕೂ ಮೊದಲ?"

"ಅವರ ಯಜಮಾನ್ರು ಫೋನ್ ಮಾಡಿದ್ರು. ಗಡಹಿಂಗ್ಲಜದಾಗ ಅದೇನಿ, ಲ್ಯಾಪ್‌ಟಾಪ್ ಚೀಲದಾಗ ಐತಿ, ಇನ್ನೂ ತಗದಿಲ್ಲ ಅಂತ ಇವರು ಅಂದಿದ್ದು ಕೇಳಿಸ್ತು."

ಠಾಣೆಗೆ ಬ್ರಾಡ್‌ಬ್ಯಾಂಡ್ ಕಂಪನಿಯ ಉತ್ತರ ಬಂದಿದೆ ಎಂದು ಸಾರಿಕಾಳ ಮೊಬೈಲಿಗೆ ಸಂದೇಶ ಬಂತು. ಸಂಪರ್ಕ ಇಚಲಕರಂಜಿಯದು. ಹೆಸರು: ಪ್ರತೀಕ ಮಗದೂಮ್. ಹರ್ಷದಾಳ ಗಂಡ.

ಜೀಪು ಇಚಲಕರಂಜಿಗೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಮನೆ ಮೇಲ್ಮಹಡಿಯಲ್ಲಿ; ಕೆಳಗೆ ಬಾಡಿಗೆಯ ಪವರ್‌ಲೂಮ್‌ಗಳು ಖಟಖಟ ಎನ್ನುತ್ತಿದ್ದವು. ಬಾಗಿಲು ತೆರೆದ ಪ್ರತೀಕ ಸಮವಸ್ತ್ರ ನೋಡಿ ಪಕ್ಕಕ್ಕೆ ಸರಿದು ನಿಂತ. ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪೊಂದು ತೆರೆದಿತ್ತು. ಅದರೊಳಗಿನದೆಲ್ಲ ಒರೆಸಿ ಹಾಕುವ ಕೆಲಸ ನಡೆದಿತ್ತು, ಅರ್ಧವೂ ಮುಗಿದಿರಲಿಲ್ಲ. ಸಾರಿಕಾ ಓಡಿಹೋಗಿ ಅದನ್ನು ನಿಲ್ಲಿಸಿದಳು.

"ಯಾರದಿದು?"

"ಅಕಿದ ಹಳೇದು."

"ನಿನ್ನೆ ಒಂಬತ್ತಕ್ಕ ಇದರ ಮುಂದ ಯಾರಿದ್ರು?"

ಪ್ರತೀಕ ಹೋಗಿ ಕಿಟಕಿ ಮುಚ್ಚಿದ.

"ಎಲ್ಲಿ ಕೆಲಸ ಮಾಡ್ತಿದ್ದಿ?"

"ಗೋಕುಳ ಶಿರಗಾಂವದ ಫೌಂಡ್ರಿಯಾಗ. ಡೇಟಾಬೇಸ್ ನೋಡ್ಕೊತಿದ್ದೆ. ಈಗ ಅವರು ಹೊರಗಿನ ಕಂಪನಿಗೆ ಕೊಟ್ಟಾರ."

"ಯಾವ ಡೇಟಾಬೇಸು?"

"ಮಾರಿಯಾಡಿಬಿ."

"ಶೋ ಟೇಬಲ್ಸ್," ಎಂದರು ಚೌಗುಲೆ, ದನಿ ಏರಿಸದೆ.

ಪ್ರತೀಕ ಕಣ್ಣು ಮುಚ್ಚಿದ. ಕೂಡಲೇ ತಿದ್ದಿಕೊಂಡಿದ್ದ, ಆದರೆ ಸರ್ವರ್ ಬರೆದುಕೊಂಡುಬಿಟ್ಟಿತ್ತು ಎಂದು ಅವನಿಗೆ ಆಗ ಹೊಳೆಯಿತು. "ಅಕಿ ನೋಡಿದ್ಲೇನು ಅದನ್ನ?"

"ನೋಡಿದ್ಲು."

ಅವನು ಕುರ್ಚಿ ಎಳೆದುಕೊಂಡು ಕೂತ. ಮಧ್ಯಾಹ್ನ ಎರಡಕ್ಕೆ, ಪುರಾವೆ ನಾಶಕ್ಕೆ ಯತ್ನಿಸಿದ ಕಾರಣವನ್ನೂ ಬರೆದು, ಅವನನ್ನು ಬಂಧಿಸಲಾಯಿತು. ಲ್ಯಾಪ್‌ಟಾಪಿಗೆ ಪಂಚರ ಎದುರಲ್ಲಿ ಮುದ್ರೆ ಹಾಕಿದರು. ಜಾಮೀನು ಸಿಗುವ ಕಲಂ ಎಂದು ಚೌಗುಲೆ ಅವನಿಗೆ ತಿಳಿಸಿ ಹೇಳಿದಾಗ ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಬಾಯಿ ಬಿಟ್ಟದ್ದು ಕೊಲ್ಹಾಪುರದ ದಾರಿಯಲ್ಲಿ, ಜೀಪಿನಲ್ಲಿ.

"ಕಾಲೇಜಿನ್ಯಾಗ ಅಕಿಗೆ ಡೇಟಾಬೇಸ್ ಅಂದ್ರೇನು ಅಂತ ಕಲಿಸಿದಾಂವ ನಾನ್ರಿ. ಆ ಲ್ಯಾಪ್‌ಟಾಪ್‌ನ್ಯಾಗ ಮೊದಲ ಸಲ ಎಲ್ಲಾ ಹಾಕ್ಕೊಟ್ಟಾಂವ ನಾನು. ಕೀಲಿ ಅದರಾಗ ಉಳದಿತ್ತು. ಹೋದ ತಿಂಗಳ ಒಂದು ಮದುವ್ಯಾಗ ಯಾರೋ ಬಂದು ಕೈ ಕುಲುಕಿ, ನೀವು ಹರ್ಷದಾ ಅವರ ಗಂಡ ಅಲ್ಲೇನ್ರಿ ಅಂದ್ರು. ಅಕಿ ನಕ್ಕೋತ ನಿಂತಿದ್ಲು. ಮನಿಗೆ ಬಂದ್ರೂ ಆ ನಗು ನನ್ನ ಕಣ್ಣಾಗಿಂದ ಹೋಗಲಿಲ್ಲ. ಒಂದ ಸಲ ಅಕಿ ಎಡವಲಿ, ಮಂದಿ ನೋಡ್ಲಿ ಅನಿಸ್ತು."

"ಮಂದಿ ಸತ್ತಿದ್ರ?"

"ಬ್ಯಾಕಪ್ ಐತಿ ಅಂತ ಗೊತ್ತಿತ್ತು. ಗಾಬರಿಯಾಗಿ ನನಗ ಫೋನ್ ಮಾಡ್ತಾಳ ಅನ್ಕೊಂಡಿದ್ದೆ. ಮೊದಲೆಲ್ಲಾ ಮಾಡ್ತಿದ್ಲು. ಫೋನ್ ಹಿಡ್ಕೊಂಡ ಕುಂತಿದ್ದೆ. ಮಾಡಲಿಲ್ಲ."

ಜೀಪು ಹಾತಕಣಂಗಲೆ ದಾಟಿತು. ಪ್ರತೀಕ ಕಿಟಕಿಯಾಚೆ ನೋಡುತ್ತ ಕೇಳಿದ: "ಎಷ್ಟೊತ್ತು ತಗೊಂಡ್ಲು? ವಾಪಸ್ ತರಾಕ?"

"ಮೂರು ತಾಸು," ಸಾರಿಕಾ ಹಿಂದಿನ ಸೀಟಿನಿಂದ ಹೇಳಿದಳು.

"ನನಗ ಇಡೀ ದಿನ ಬೇಕಾಗ್ತಿತ್ತು," ಎಂದ.

ಆ ಬೆಳಿಗ್ಗೆ ರಾಯವ್ವ ಕಣ್ಣು ಬಿಟ್ಟು ಎರಡು ಚಮಚ ಗಂಜಿ ಕುಡಿದಿದ್ದಳು. ಪ್ರತೀಕ ಕೇಳಿದ್ದರೆ ಚೌಗುಲೆ ಹೇಳುತ್ತಿದ್ದರು. ಠಾಣೆ ಮುಟ್ಟುವ ತನಕ ಅವನು ಕೇಳಲಿಲ್ಲ.