ಜ್ವಾಲೆ ಬಾಗಿದ ದಿಕ್ಕು

ಔಷಧಿಗೆ ಬೇಕಾದ ಸತ್ವಕ್ಕಾಗಿ ಗಿಡದ ಚೂರುಗಳನ್ನು ಬಾಟಲಿಗಳಲ್ಲಿ ಬೆಳೆಸುವ ಲ್ಯಾಬು ನಮ್ಮದು. ಚೂರು ಕತ್ತರಿಸುವ ಗಾಜಿನ ಗೂಡಿನಿಂದ ಶುದ್ಧ ಗಾಳಿ ಸದಾ ನಮ್ಮ ಮುಖಕ್ಕೆ ಬೀಸುತ್ತದೆ. ಒಳಗಿನ ಸ್ಪಿರಿಟ್ ದೀಪದ ಜ್ವಾಲೆ ಯಾವಾಗಲೂ ನಮ್ಮ ಕಡೆಗೇ ಬಾಗಿರುತ್ತದೆ. ಅಲ್ಲಿ ಮಾತಾಡುವಂತಿಲ್ಲ, ಉಸಿರು ತಾಗಿದರೆ ಚೂರಿಗೆ ಬೂಷ್ಟು ಹಿಡಿಯುತ್ತದೆ.

ಒಂದು ಮಧ್ಯಾಹ್ನ ಒಬ್ಬಳೇ ಕೂತು ಕತ್ತರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಜ್ವಾಲೆ ಗೂಡಿನ ಒಳಕ್ಕೆ ಬಾಗಿತು, ನೆಟ್ಟಗಾಯಿತು, ಮತ್ತೆ ಒಳಕ್ಕೆ ಬಾಗಿತು. ಗಾಳಿಯೇನೋ ಮುಖಕ್ಕೆ ತಣ್ಣಗೆ ಬೀಸುತ್ತಲೇ ಇತ್ತು. ಬಲಗಿವಿ ಮಾತ್ರ ಬೆಚ್ಚಗಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ.

ವಾರದೊಳಗೆ ಅಂದು ನಾನು ತುಂಬಿದ ಅಷ್ಟೂ ಬಾಟಲಿಗಳಿಗೆ ಬೂಷ್ಟು ಹಿಡಿಯಿತು. ಲ್ಯಾಬು ನೋಡಿಕೊಳ್ಳುವ ಅಕ್ಕ ನನ್ನ ಮೇಲೆ ಹರಿಹಾಯ್ದರು.

"ಅವತ್ತು ಹರಟೆ ಹೊಡೀತಾ ಕೂತಿದ್ರಲ್ಲ ಇಬ್ರೂ, ಇನ್ನೇನಾಗುತ್ತೆ?"

"ನಾನೊಬ್ಳೇ ಇದ್ದೆ ಅಕ್ಕಾ. ಮಾಸ್ಕ್ ಬೇರೆ ಹಾಕಿದ್ದೆ."

"ಸುಳ್ಳು ಹೇಳ್ಬೇಡ. ಬಾಗಿಲ ಗಾಜಿಂದ ನಾನೇ ನೋಡ್ದೆ. ನಿನ್ನ ಹೆಗಲ ಮೇಲೆ ಗದ್ದ ಇಟ್ಕೊಂಡಿದ್ಳಲ್ಲ, ಅವಳ್ಯಾರು?"

ಮರುದಿನವೇ ಕೆಲಸ ಬಿಟ್ಟೆ.

ನಿನ್ನೆ ಸಂಜೆ ಕರೆಂಟ್ ಹೋಯಿತೆಂದು ಮಗಳ ಮುಂದೆ ಮೇಣದಬತ್ತಿ ಹಚ್ಚಿಟ್ಟು ಬಾಗಿಲ ಬಳಿ ಬಂದು ನಿಂತಿದ್ದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಜ್ವಾಲೆ ಅವಳಿಂದ ಆಚೆಗೆ ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು.

ಪುಸ್ತಕದಿಂದ ತಲೆ ಎತ್ತದೆ ಮಗಳು ಅಂದಳು: "ಅಮ್ಮಾ, ಕಿವೀಲಿ ಊದ್ಬೇಡ."