ಒಂದು ಕಿವಿ ಬಿಟ್ಟು ಹಾಡಿದವಳು

ಸ್ಟುಡಿಯೋದ ಬೀರುವಿನ ಬೀಗ ಮುರಿದಿತ್ತು. ಹಾಡುಗಳ ಕರಡುಗಳಿದ್ದ ಹಾರ್ಡ್‌ಡಿಸ್ಕ್ ಮಾಯ. ಪಕ್ಕದಲ್ಲಿದ್ದ ದುಬಾರಿ ಮೈಕುಗಳನ್ನು ಮಾತ್ರ ಕಳ್ಳ ಮೂಸಿಯೂ ನೋಡಿರಲಿಲ್ಲ.

“ಕಳ್ಳ ಅಲ್ಲ ಮೇಡಂ, ಕಳ್ಳಿ,” ಎಂದ ಸಂಗೀತ ನಿರ್ದೇಶಕ. ಊರೆಲ್ಲ ಅವನನ್ನು ಸಾಮ್ರಾಟ ಎನ್ನುತ್ತಿತ್ತು. “ಆ ಲಾಂಡ್ರಿಯವಳು. ನಾಳೆ ಬಿಡುಗಡೆಯಾಗೋ ನನ್ನ ಹಾಡು ತನ್ನದಂತೆ! ಗೇಟಲ್ಲಿ ನಿಂತು ಗಂಟಲು ಹರ್ಕೋತಿದ್ಲಂತೆ, ಕಾವಲಿನವನು ಹೇಳ್ದ. ಮೊದಲು ಒಳಗೆ ಹಾಕಿ.”

“ಅವಳ ಹಾಡು ನೀವು ಕೇಳಿದ್ರಾ?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ಅವಳ ದನೀನೇ ಕೇಳಿಲ್ಲ. ಇದು ಅಡಿಯಿಂದ ಮುಡಿಯವರೆಗೂ ನಂದು.”

* * *

ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಗಳು ಗುಡ್ಡೆ ಬಿದ್ದಿದ್ದವು. ಇಸ್ತ್ರಿ ಯಂತ್ರದ ಮುಂದೆ ಹಬೆಯಕ್ಕ ನಿಂತಿದ್ದಳು. ಹಗಲೆಲ್ಲ ಹಬೆಯೊಳಗೇ ಇರುವವಳಿಗೆ ಜೊತೆಯವರಿಟ್ಟ ಹೆಸರು ಅದು.

“ಡಿಸ್ಕೋ ಗಿಸ್ಕೋ ನಂಗೇನ್ ಗೊತ್ತಮ್ಮ? ಹಾಸ್ಕೊಳ್ಳೋದಾ, ಹೊದ್ಕೊಳ್ಳೋದಾ?”

ಸುತ್ತಲಿನ ಹೆಂಗಸರು ಕಿಸಕ್ಕೆಂದರು. ಮಾಲೀಕ ನಗಲಿಲ್ಲ. “ಕೇಸಾಯ್ತೋ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ,” ಎಂದ.

ಹಬೆಯಕ್ಕನ ಮುಖ ಇಳಿಯಿತು. “ಇಲ್ಲೇ ಕೆಲಸ ಮಾಡ್ತಾ ಕಟ್ಟಿದ ಹಾಡಮ್ಮ ಅದು. ಫೋನಲ್ಲಿ ಹಾಡಿಟ್ಟಿದ್ದೆ. ಸಾಮ್ರಾಟರು ತಮ್ಮ ಕಂಪ್ಯೂಟರಿಗೆ ಹಾಕ್ಕೊಂಡು, ನೋಡೋಣ ಅಂದ್ರು. ಆಮೇಲೆ ಫೋನು ಸೋಪಿನ ತೊಟ್ಟಿಗೆ ಬಿತ್ತು.”

“ಮತ್ತೆ ಸಾಕ್ಷಿ?”

“ನನ್ನ ಬಾಯಿ.”

ಬಡವರ ಬಾಯನ್ನು ಯಾವ ಕಟಕಟೆ ನಂಬಿದೆ? ಇನ್ಸ್‌ಪೆಕ್ಟರಮ್ಮ ಹಾಡಲು ಹೇಳಿದಳು. ಹಬೆಯಕ್ಕ ಕೈ ನಿಲ್ಲಿಸದೆಯೇ ಹಾಡಿದಳು. ಎರಡನೇ ಸಾಲಿನ ನಡುವೆ ದನಿ ತಟ್ಟನೆ ನಿಂತಿತು. ಯಂತ್ರದ ಮುಚ್ಚಳ ಎತ್ತಿದಳು. ಹುಸ್ಸೆಂದು ಹಬೆ ಚಿಮ್ಮಿತು. ಆಮೇಲೆ ಸಾಲು ಮುಂದುವರಿಯಿತು.

* * *

ಬೀರುವಿನ ಬೀಗದ ಕೈ ಸ್ಟುಡಿಯೋದ ಎಂಜಿನಿಯರನ ಹತ್ತಿರವೂ ಇತ್ತು. ಹಾಡುವ ಕೆಲಸವೆಲ್ಲ ಮುಗಿದ ಮೇಲೆ, ಜೋಡಿಸಿ ಹದ ಮಾಡಲು ಬಂದವನು ಅವನು.

“ನೀನೇ ಯಾಕಾಗಿರಬಾರದು?”

“ಕೀಲಿ ಇಟ್ಕೊಂಡೋನು ಬೀಗ ಯಾಕೆ ಮುರೀಲಿ ಮೇಡಂ?”

ಸರಿಯೇ. ಹಬೆಯಕ್ಕನೂ ಅಲ್ಲ. ಸಾಕ್ಷಿ ಕೈಗೆ ಸಿಕ್ಕಿದ್ದರೆ ಅವಳು ಸುಮ್ಮನಿರುತ್ತಿದ್ದಳೇ? ಊರಿಗೆಲ್ಲ ಕೇಳಿಸುತ್ತಿದ್ದಳು. ಹಾಗಾದರೆ ಕರಡು ಕಾಣೆಯಾಗಬೇಕಿದ್ದುದು ಯಾರಿಗೆ?

ಇನ್ಸ್‌ಪೆಕ್ಟರಮ್ಮ ಎಲ್ಲರನ್ನೂ ಸ್ಟುಡಿಯೋಗೆ ಕರೆಸಿದಳು. ಹಬೆಯಕ್ಕ ಬಾಗಿಲ ಬಳಿ ನಿಂತಳು. ಸಾಮ್ರಾಟನಿಗಾಗಿ ಆ ಹಾಡು ಹಾಡಿದ್ದ ಗಾಯಕಿಯೂ ಬಂದಿದ್ದಳು; ಕುತೂಹಲಕ್ಕೆ ಹೆಡ್‌ಫೋನ್ ಹಾಕಿಕೊಂಡಳು. ಒಂದು ಕಿವಿಗೆ ಮಾತ್ರ. ಇನ್ನೊಂದು ಬಟ್ಟಲು ಕೆನ್ನೆಯ ಮೇಲೆ ಬಾಯಿ ತೆರೆದು ಕೂತಿತ್ತು.

“ಯಾವಾಗಲೂ ಹೀಗೇನಾ?”

“ಹೂಂ ಮೇಡಂ. ಒಂದು ಕಿವಿ ನನ್ನ ದನಿಗೆ ಬೇಕು. ಇಲ್ಲದಿದ್ರೆ ಶ್ರುತಿ ತಪ್ತೀನಿ. ಎಲ್ಲರೂ ಬೈತಾರೆ, ಚಟ ಬಿಡಲ್ಲ.”

“ಹಾಡು ಹಾಕಪ್ಪ,” ಎಂದಳು ಇನ್ಸ್‌ಪೆಕ್ಟರಮ್ಮ ಎಂಜಿನಿಯರನಿಗೆ. “ಒಂದೊಂದೇ ಪದರ ತೆಗೀತಾ ಬಾ.”

ಹಾಡು ಕೋಣೆ ತುಂಬಿತು. ಎರಡನೇ ಸಾಲಿನ ನಡುವೆ ಗಾಯಕಿಯ ದನಿ ನಿಂತಿತು. ಆ ಸಂದಿನಲ್ಲಿ ತಾಳದ ತಟ್ಟೆಗಳು ಹುಸ್ಸೆಂದವು. “ಅಕ್ಕನೂ ಇಲ್ಲೇ ನಿಲ್ಲಿಸಿದ್ಲು,” ಎಂದಳು ಇನ್ಸ್‌ಪೆಕ್ಟರಮ್ಮ.

“ಅದು ಮೌನದ ಕಲೆ,” ಎಂದ ಸಾಮ್ರಾಟ. “ಗೇಟಲ್ಲಿ ಕೇಳಿ ಕಲಿತಿರ್ತಾಳೆ.”

ಪಿಟೀಲುಗಳು ಹೋದವು. ಕೊಳಲು ಹೋಯಿತು. ಡ್ರಮ್ಮು, ತಟ್ಟೆ, ಎಲ್ಲ. ಅರಮನೆಯ ಗೋಡೆಗಳು ಒಂದೊಂದಾಗಿ ಕರಗಿ, ಒಳಗೊಂದು ಗುಡಿಸಲು ಕಂಡಂತಾಯಿತು. ಉಳಿದದ್ದು ಗಾಯಕಿಯ ದನಿಯೊಂದೇ. ಅದೂ ನಿಂತಿತು.

“ಇಲ್ಲಿ ಜೋರು ಮಾಡು.”

ಎಂಜಿನಿಯರ್ ಗುಂಡಿ ತಿರುಗಿಸಿದ. ಆ ಸಂದಿನೊಳಗಿಂದ, ಬಾವಿಯ ತಳದಿಂದ ಬಂದಂತೆ, ಹಬೆಯ ಸದ್ದು. ಆಮೇಲೆ ಒಂದು ಕೆಮ್ಮು. ಆಮೇಲೆ, ಗಾಯಕಿಗಿಂತ ಕೂದಲೆಳೆ ಮೊದಲು, ಒಡೆದ ದನಿಯೊಂದು ಸಾಲನ್ನು ಎತ್ತಿಕೊಂಡಿತು.

ಇಡೀ ಹಾಡು ಈ ದನಿಯ ಬೆನ್ನ ಮೇಲೆ ಕೂತೇ ಇಷ್ಟು ದೂರ ಬಂದಿತ್ತು.

“ಹಾಡುವಾಗ ನಿಮ್ಮ ಕಿವಿಗೆ ಏನು ಕೊಟ್ಟಿದ್ರು?”

“ಅನುಸರಿಸೋಕೆ ಅಂತ ಯಾವುದೋ ಹೆಂಗಸಿನ ದನಿ,” ಗಾಯಕಿ ಹೆಡ್‌ಫೋನ್ ಕಳಚಿದಳು. “ಕೋರಸ್ ಹುಡುಗಿ ಅಂದಿದ್ರು.”

“ಡಿಸ್ಕ್ ಮುಚ್ಚಿಟ್ರಿ ಸಾಮ್ರಾಟರೇ. ಆದ್ರೆ ಇವರ ಬಿಟ್ಟ ಕಿವಿಯ ಹೆಡ್‌ಫೋನಿಂದ ಅಕ್ಕನ ದನಿ ಸೋರಿ ಮೈಕಿಗೆ ಸೇರಿಬಿಟ್ಟಿತ್ತು. ಅವಳ ದನೀನೇ ಕೇಳಿಲ್ಲ ಅಂದ್ರಲ್ಲ? ನಿಮ್ಮ ಹಾಡೇ ಕೇಳಿಸ್ಕೊಂಡಿದೆ ನೋಡಿ. ಮೊದಲ ದನಿ ಅಳಿಸಬೇಕಿತ್ತು, ಅಪವಾದ ಅವಳ ತಲೆಗೆ ಕಟ್ಟಬೇಕಿತ್ತು. ಒಂದೇ ಕಲ್ಲು, ಎರಡು ಹಕ್ಕಿ. ಅದಕ್ಕೇ ನಿಮ್ಮ ಬೀಗ ನೀವೇ ಮುರಿದ್ರಿ.”

ಸಾಮ್ರಾಟನ ಕೈ ಜೇಬಿನಲ್ಲಿದ್ದ ಕಾರಿನ ಕೀಲಿಯತ್ತ ಹೋಯಿತು.

ಡಿಸ್ಕ್ ಅವನ ಕಾರಿನ ಸೀಟಿನಡಿ ಸಿಕ್ಕಿತು. ಅದನ್ನು ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅದರಲ್ಲಿ ಇನ್ನೂ ಎಷ್ಟೋ ದನಿಗಳಿದ್ದವು: ಕಲ್ಲು ಒಡೆಯುವವರದು, ಮೂಟೆ ಹೊರುವವರದು. ಅವನ ಮುಂದಿನ ಹಾಡುಗಳು.

* * *

ಹಬೆಯಕ್ಕ ಇನ್ನೂ ಬಾಗಿಲಲ್ಲೇ ಇದ್ದಳು. ಎಂಜಿನಿಯರ್ ಪದರಗಳನ್ನೆಲ್ಲ ಮತ್ತೆ ಸೇರಿಸಿ ಕೇಳಿಸಿದ. ಅವಳ ಹಬೆ ತಾಳವಾಗಿತ್ತು. ಅವಳ ಕೆಮ್ಮಿದ್ದ ಜಾಗದಲ್ಲಿ ಕೊಳಲು ಹುಟ್ಟಿತ್ತು.

“ಅವ್ವಾ! ಇಷ್ಟೆಲ್ಲ ನನ್ನ ಬಾಯಿಂದ ಬಂತಾ?”

“ಅಕ್ಕಾ, ಹೇಗೆ ಬೇಕೋ ಹಾಗೆ ಮಾಡ್ಕೊಡ್ತೀನಿ,” ಎಂದ ಅವನು. “ಪಿಟೀಲು ತೆಗೀಲಾ?”

“ಬೇಡಪ್ಪ, ಇರ್ಲಿ. ಚೆನ್ನಾಗಿದೆ,” ಅವಳು ಒದ್ದೆ ಅಂಗೈಯಿಂದ ಕಣ್ಣೊರೆಸಿಕೊಂಡಳು. “ನನ್ನೊಬ್ಬಳನ್ನ ಮಾತ್ರ ತೆಗೀಬೇಡ.”