ಕವಡೆ ಎಸೆದು ಬಂದ ತಂಗಿ

ಬಹಳ ಬಹಳ ಹಿಂದೆ, ನೀಲಿ ಬೆಟ್ಟಗಳ ಆಚೆ ಸುವರ್ಣಗಿರಿ ಎಂಬ ರಾಜ್ಯವಿತ್ತು. ದಾರಿ ತಪ್ಪಿದವರು ಪ್ರತಿ ಕವಲಿನಲ್ಲೂ ಕವಡೆ ಎಸೆದು, ಅವು ತೋರಿದ ದಿಕ್ಕಿಗೆ ನಡೆಯುವುದು ಅಲ್ಲಿನ ಪದ್ಧತಿ. ಹಾಗೆ ನಡೆದವರು ತಡವಾದರೂ ಮನೆ ಸೇರದೆ ಇರುತ್ತಿರಲಿಲ್ಲ. ಅದಕ್ಕೆಂದೇ ಪ್ರತಿ ಮಗುವಿನ ಸೊಂಟಕ್ಕೂ ಕವಡೆಯ ಚೀಲ ಕಟ್ಟುತ್ತಿದ್ದರು.

ಆ ರಾಜ್ಯವನ್ನು ದ್ವೇಷಿಸುತ್ತಿದ್ದ ಮಾಂತ್ರಿಕ ಕರಾಳಕೇಶನು ರಾಜಕುಮಾರ ಜಯಶೀಲನ ತಂಗಿ ಇಂದುಲೇಖೆಯನ್ನು ಹಕ್ಕಿಯಾಗಿಸಿ, ಮನೆಯ ನೆನಪನ್ನೂ ಕಿತ್ತುಕೊಂಡ. ಅವಳು ಗಾಳಿ ಬೀಸಿದತ್ತ ಹಾರಿಹೋದಳು.

ಜಯಶೀಲ ಕುದುರೆಯೇರಿ ಹುಡುಕಿ ಸೋತು ಬಂದ. ಅವರಿಬ್ಬರನ್ನೂ ಸಾಕಿದ ಪದ್ಮಜ್ಜಿ ಅವನ ತಲೆ ಸವರಿದಳು.

"ನೆಲದ ಮೇಲೆ ಅಲೆದವರು ಹಿಂದಿರುಗುತ್ತಾರೆ, ಮಗು. ಆಕಾಶದಲ್ಲಿ ಮೇಲಕ್ಕೂ ದಾರಿ, ಕೆಳಕ್ಕೂ ದಾರಿ. ಅಲ್ಲಿ ಕಳೆದುಹೋದವರು ಬರುತ್ತಾರೆಂದು ನಾನು ಮಾತು ಕೊಡಲಾರೆ."

ಜಯಶೀಲ ಮಾಂತ್ರಿಕನ ಗುಹೆಗೆ ಹೋಗಿ, ಬೆಂಕಿಯುಗುಳುವ ಹುಲಿಯನ್ನು ಮಣಿಸಿದ. ಹುಲಿಯನ್ನು ಗೆದ್ದವನಿಗೆ ಮಾಂತ್ರಿಕ ಒಂದು ವರ ಕೊಡಲೇಬೇಕಿತ್ತು. ನೆನಪೊಂದನ್ನು ಬಿಟ್ಟು ಏನಾದರೂ ಕೇಳು ಎಂದ.

"ಅವಳ ರೆಕ್ಕೆಗಳನ್ನು ತೆಗೆದುಬಿಡು."

ಮಾಂತ್ರಿಕ ನಕ್ಕ. "ದಾರಿ ಗೊತ್ತಿಲ್ಲದವಳಿಗೆ ಕಾಲು ಯಾಕಪ್ಪ? ಆಗಲಿ. ತಾನಾಗಿ ಮನೆಯ ಹೊಸ್ತಿಲು ದಾಟಿದರೆ ನನ್ನ ಮಾಯೆಯೇ ಮುಗಿಯಿತು. ಯಾರಾದರೂ ಕರೆದರೋ, ಕೈಹಿಡಿದರೋ, ಮತ್ತೆ ಹಕ್ಕಿ."

ಜಯಶೀಲ ಅರಮನೆಯ ಬಾಗಿಲು ತೆರೆದಿಟ್ಟು, ದಿನವೂ ತಂಗಿಗೊಂದು ಎಲೆ ಹಾಕಿಸಿ ಕಾದ.

ಮೊದಲನೆಯ ಸಲ ಅವಳು ಊರಾಚೆಯ ಕೆರೆಯವರೆಗೆ ಬಂದಳು. ಕವಡೆ ಎಸೆದಳು, ತಿರುಗಿ ಹೋದಳು. ಅವನು ತುಟಿ ಕಚ್ಚಿ ಸುಮ್ಮನಿದ್ದ. ಎಷ್ಟೋ ಕಾಲದ ಮೇಲೆ ಅರಮನೆಯ ಬೀದಿಗೇ ಬಂದಳು. ಕವಡೆ ಎಸೆದಳು, ತಿರುಗಿ ಹೋದಳು. ಅವನು ಕಂಬವನ್ನು ಅಪ್ಪಿಕೊಂಡು ಅತ್ತ. ಮತ್ತೆಂದು ಬರುತ್ತಾಳೆ ಎಂದು ಅಜ್ಜಿಯನ್ನು ಕೇಳಿದ.

"ಎಂದು ಎಂದು ಕೇಳಬೇಡ. ಬರುತ್ತಾಳೆ."

ಅವನ ಕೂದಲು ನರೆಯಿತು. ಒಂದು ಮುಂಜಾನೆ ಕವಡೆಗಳು ಹೆಬ್ಬಾಗಿಲಿನ ಮುಂದೆಯೇ ಉರುಳಿದವು. ಇಂದುಲೇಖೆ ಅವುಗಳನ್ನು ದಿಟ್ಟಿಸಿ, ಧೂಳು ಹಿಡಿದ ಕಾಲನ್ನು ಹೊಸ್ತಿಲಿನ ಈಚೆ ಇಟ್ಟಳು. ಅತ್ತ ಗುಹೆಯಲ್ಲಿ ಕರಾಳಕೇಶ ಹೊಗೆಯಾಗಿ ಕರಗಿದ. ಇತ್ತ ಅವಳ ಕಣ್ಣುಗಳಿಗೆ ಮನೆ ಮರಳಿತು.

"ಅಣ್ಣಾ, ನಿನ್ನ ತಲೆಗೆ ಸುಣ್ಣ ಬಳಿದವರು ಯಾರು?"

ಅವನು ಅವಳ ಕೈಹಿಡಿದು ತಂದು ಎಲೆಯ ಮುಂದೆ ಕೂರಿಸಿದ. ಅಂದಿನಿಂದ ಆ ಬಾಗಿಲಿಗೆ ಅಗುಳಿ ಬೀಳಲಿಲ್ಲ. ಅಣ್ಣ, ತಂಗಿ, ಅಜ್ಜಿ, ಪ್ರಜೆಗಳೆಲ್ಲ ನಗುನಗುತ್ತಾ ಬಾಳಿದರು.